ಅಪ್ಪನ ದ್ರಾಕ್ಷಾರಿಷ್ಟ, ಮಿಲಿಟರಿ ಹೋಟೆಲಿನ ಚಾಪ್ಸು

ಎರಡು ವರ್ಷ ಹಳೆಯದಾದ ದ್ರಾಕ್ಷಾರಿಷ್ಟಕ್ಕೆ ಕುರಿಮಾಂಸದ ಚಾಪ್ಸಿನಷ್ಟು ಹೊಂದುವ ಜೊತೆ ಇನ್ನೊಂದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಇಷ್ಟು ಖಚಿತವಾಗಿ ನನಗೆ ಗೊತ್ತಿದೆ ಎಂಬುದೇ ನನ್ನ ವಿರುದ್ಧ ಇರುವ ಸಾಕ್ಷಿ. ಮೊಟ್ಟೆ ಕೂಡ ಹೊಸಿಲು ದಾಟಿ ಬಾರದ ಮನೆಯಲ್ಲಿ ಹುಟ್ಟಿದವನು ನಾನು. ಆ ಅರಿಷ್ಟವಾದರೋ ನನ್ನ ಅಪ್ಪ ರೋಗಿಗಳಿಗಾಗಿ ಮಾಡಿಟ್ಟ ಔಷಧ.

ಅಪ್ಪ ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನಲ್ಲಿ ಆಯುರ್ವೇದದ ಪಂಡಿತರು. ಮನೆಯ ಮುಂದಿನ ಕೋಣೆಯೇ ಔಷಧಾಲಯ. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೆಲಮಂಗಲ, ಡೆಂಕಣಿಕೋಟೆ, ಜವಳಗಿರಿ ಕಡೆಯಿಂದ ಬಂದು ಬಸ್ಸಿಳಿದವರು ಕನ್ನಡದಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಪಂಡಿತರ ಮನೆ ಎಲ್ಲಿ ಎಂದು ಕೇಳಿದರೆ ಸಾಕು, ಯಾರಾದರೂ ಕೈ ತೋರಿಸುತ್ತಿದ್ದರು. ಚೂರ್ಣ, ಲೇಹ್ಯ, ತೈಲ ಎಲ್ಲವನ್ನೂ ಅಪ್ಪನೇ ಮಾಡುತ್ತಿದ್ದರು. ಆದರೆ ಅವರಿಗೆ ಒಳಗೊಳಗೇ ಜಂಬವಿದ್ದದ್ದು ದ್ರಾಕ್ಷಾರಿಷ್ಟದ ಬಗ್ಗೆ ಮಾತ್ರ.

ಶಿವರಾತ್ರಿ ಕಳೆದ ಮೇಲೆ ಕೆಲಮಂಗಲದ ಹತ್ತಿರದ ಒಂದು ತೋಟದಿಂದ ಬೀಜದ ಕಪ್ಪು ದ್ರಾಕ್ಷಿ ಬುಟ್ಟಿಗಟ್ಟಲೆ ಬರುತ್ತಿತ್ತು. ಅದನ್ನು ತಾರಸಿಯ ಮೇಲೆ ಹರಡಿ ಒಣಗಿಸುವುದು ಅಮ್ಮನ ಕೆಲಸ. ಅಂಗಡಿಯ ಒಣದ್ರಾಕ್ಷಿ ಅಪ್ಪನಿಗೆ ಆಗದು. ಜವಳಗಿರಿ ಕಾಡಿನಿಂದ ಒಬ್ಬಾಕೆ ಕೆಂಪು ಧಾತಕಿ ಹೂವು ತರುತ್ತಿದ್ದಳು. ಆನೆಗಳು ಬೀಡುಬಿಟ್ಟ ವರ್ಷ ಹೂವು ಕಡಿಮೆ, ಅರಿಷ್ಟವೂ ಕಡಿಮೆ. ದ್ರಾಕ್ಷಿಯ ಕಷಾಯ ಕಾಲುಭಾಗಕ್ಕೆ ಇಳಿದ ಮೇಲೆ ಬೆಲ್ಲ, ಹೂವು, ಏಲಕ್ಕಿ, ಚಕ್ಕೆ, ಹಿಪ್ಪಲಿ ಸೇರಿಸಿ, ಒಳಗೆ ತುಪ್ಪ ಸವರಿ ಧೂಪದ ಹೊಗೆ ತೋರಿಸಿದ ಮಡಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಜೇಡಿಮಣ್ಣು ಮೆತ್ತುತ್ತಿದ್ದರು. ಮಣ್ಣು ಮೆತ್ತುವ ದಿನ ಅಪ್ಪ ತಲೆಗೆ ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಕೂರುತ್ತಿದ್ದರು, ಕೆಲಸ ಮುಗಿಯುವವರೆಗೆ ಯಾರೊಂದಿಗೂ ಮಾತಿಲ್ಲ. ನಲವತ್ತು ದಿನ ಕಳೆದ ಮೇಲೆ ತೆರೆದು, ಸೋಸಿ, ಪಿಂಗಾಣಿ ಜಾಡಿಗಳಿಗೆ ತುಂಬಿ ನಡುಮನೆಯ ಕತ್ತಲ ಕೋಣೆಯಲ್ಲಿ ಸಾಲಾಗಿ ಇಡುತ್ತಿದ್ದರು. ಹೊಸ ಜಾಡಿ ಕೆಮ್ಮು ನೆಗಡಿಗೆ. ಎರಡು ವರ್ಷದ ಜಾಡಿ ಬಾಣಂತಿಯರಿಗೆ, ದೀರ್ಘ ಜ್ವರದಿಂದ ಎದ್ದವರಿಗೆ. ಅದನ್ನು ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ.

ಈಗಿನವರು ವೈನು ಅನ್ನುವುದಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ಒಂದಿಷ್ಟು ಬೆಲ್ಲ, ಒಂದಿಷ್ಟು ಮಸಾಲೆ, ಮತ್ತು ಅಪ್ಪನ ಭಕ್ತಿ. ಈ ಮಾತನ್ನು ಅಪ್ಪನ ಎದುರು ಆಡಿದ್ದರೆ ಕೆನ್ನೆಗೆ ಬೀಳುತ್ತಿತ್ತು. ಅವರ ಪ್ರಕಾರ ಅರಿಷ್ಟ ಎನ್ನುವುದು ತಾನಾಗಿ ಆಗುವುದಲ್ಲ, ಅದು ಮಾಡಿದವನ ಕೈಗುಣ. "ಅದೇ ದ್ರಾಕ್ಷಿ, ಅದೇ ಹೂವು, ಇನ್ನೊಬ್ರು ಮಾಡಿದ್ರೆ ಹುಳಿ ನೀರಾಗ್ತದೆ" ಎನ್ನುತ್ತಿದ್ದರು. ಅವರ ತಂದೆಗೂ ಆ ಕೈ ಇತ್ತಂತೆ. ನನಗೂ ಬರಬಹುದು ಎಂದು ಅವರು ಕಾಯುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ತಮಿಳುನಾಡಿನಲ್ಲಿ ಆಗ ಕುಡಿತಕ್ಕೆ ನಿಷೇಧ. ಕುಡಿಯಬೇಕೆಂದವರು ಬಸ್ಸು ಹತ್ತಿ ಗಡಿಯಾಚೆ ಅತ್ತಿಬೆಲೆಗೆ ಹೋಗಿ, ವಾಪಸು ಬರುವಾಗ ಬಾಯಿಗೆ ಕರ್ಚೀಫು ಅಡ್ಡ ಹಿಡಿದು ಕೂರುತ್ತಿದ್ದರು. ನಾನು ಹೊಸೂರಿನ ಒಂದು ಶಾಲೆಯ ಕನ್ನಡ ವಿಭಾಗದಲ್ಲಿ ವಿಜ್ಞಾನದ ಮೇಷ್ಟ್ರು, ಇಪ್ಪತ್ತೈದು ವರ್ಷ, ಮದುವೆಯಿಲ್ಲ. ಅತ್ತಿಬೆಲೆಗೆ ಹೋಗುವ ಧೈರ್ಯವೂ ಇರಲಿಲ್ಲ, ಆಸೆಯೂ ಇರಲಿಲ್ಲ. ನನ್ನ ಜೊತೆ ಗಣಿತ ಹೇಳುತ್ತಿದ್ದ ಗೆಳೆಯನೊಬ್ಬನಿದ್ದ. ನಮ್ಮ ಮನೆಗೆ ದ್ರಾಕ್ಷಿ ಬರುತ್ತಿದ್ದದ್ದು ಅವನ ಅಪ್ಪನ ತೋಟದಿಂದಲೇ. ವಾರವೆಲ್ಲ ಕೆರೆಯ ಪಕ್ಕ ಬಾಡಿಗೆ ರೂಮಿನಲ್ಲಿ ಇರುತ್ತಿದ್ದ. ಬಾಯಿ ಜೋರು, ಮನಸ್ಸು ಸಾಫು, ಊಟದ ವಿಷಯ ಬಂದರೆ ಮಾತ್ರ ಮಹಾ ಶಿಸ್ತಿನ ಮನುಷ್ಯ.

ಅವನಿಗೆ ಒಂದು ಮಳೆಗಾಲ ಕೆಮ್ಮು ಹಿಡಿದು ಬಿಡಲಿಲ್ಲ. ಅಪ್ಪ ನಾಡಿ ನೋಡಿ ಒಂದು ಬಾಟಲಿ ಅರಿಷ್ಟ ಕೊಟ್ಟರು, ಮೈ ಸೋತಿದೆ ಎಂದು ಎರಡು ವರ್ಷದ ಜಾಡಿಯಿಂದಲೇ. ಬಾಟಲಿಯ ಮೇಲೆ ಅವರ ಕೈಬರಹದ ಚೀಟಿ: ಊಟವಾದ ಮೇಲೆ ನಾಲ್ಕು ಚಮಚ. ಮಾರನೆಯ ವಾರ ಗೆಳೆಯ ಸ್ಟಾಫ್ ರೂಮಿನಲ್ಲಿ ನನ್ನನ್ನು ಮೂಲೆಗೆ ಎಳೆದ.

"ನಿಮ್ಮಪ್ಪ ಊಟ ಆದ್ಮೇಲೆ ಅಂತ ಬರ್ದವ್ರೆ. ಊಟದ ಜತೇಲೇ ಕುಡೀಬೇಕು ಕಣ್ಲಾ ಇದ್ನ. ನೆನ್ನೆ ಮಿಲಿಟರಿ ಹೋಟ್ಲಿಂದ ಚಾಪ್ಸ್ ಕಟ್ಟಿಸ್ಕೊಂಡ್ ಬಂದಿದ್ದೆ. ಒಂದ್ ತುಂಡು ಬಾಯಿಗಾಕಿ ಮ್ಯಾಲೊಂದ್ ಗುಟುಕು ಕುಡುದ್ರೆ, ಅಯ್ಯೋ, ಏನೇಳ್ಲಿ ನಿಂಗೆ!"

"ನಂಗೆ ಹೇಳಿ ಏನ್ ಪ್ರಯೋಜ್ನ? ನಾನೆಲ್ಲಿ ಚಾಪ್ಸ್ ತಿಂತೀನಿ?" ಎಂದೆ.

"ತಿನ್ಬೇಡಪ್ಪ. ನೋಡಾಕೇನ್ ರೋಗ? ಭಾನುವಾರ ಬಾ."

ನೋಡಲು ಹೋದೆ. ತಿಂದು ಬಂದೆ. ಯಾರೂ ಒತ್ತಾಯ ಮಾಡಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುತ್ತುಗದೆಲೆಯ ಮೇಲೆ ತಮಿಳು ಪೇಪರು ಸುತ್ತಿದ ಪೊಟ್ಟಣ ಬಿಚ್ಚಿದಾಗ ಬಂದ ಘಮಕ್ಕೆ ನನ್ನ ಹಲ್ಲಿನ ಬುಡದಲ್ಲಿ ನೀರೂರಿತು. ಕೊತ್ತಂಬರಿ, ಪುದೀನ, ಮೆಣಸು, ಲವಂಗ ಅರೆದ ಹಸಿರು ಮಸಾಲೆ ಮೂಳೆಗೆ ಅಂಟಿಕೊಂಡು ಒಣಗಿ ನಿಂತಿತ್ತು. ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಗೆಳೆಯ ಸ್ಟೀಲ್ ಲೋಟ ಮುಂದೆ ಹಿಡಿದ. ಅರಿಷ್ಟವನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ: ಮೊದಲು ಸಿಹಿ, ಆಮೇಲೆ ನಾಲಿಗೆಯನ್ನು ಹಿಂಡುವ ಒಗರು, ಕೊನೆಗೆ ಎದೆಯಲ್ಲಿ ಚಕ್ಕೆಯ ಬಿಸಿ. ಆವತ್ತು ಅದೇ ಅರಿಷ್ಟ ಬೇರೆಯಾಗಿತ್ತು. ಮಾಂಸದ ಕೊಬ್ಬು ಆ ಒಗರನ್ನು ಸವರಿ ನುಣುಪು ಮಾಡಿತು, ಅರಿಷ್ಟದ ಸಿಹಿ ಮೆಣಸಿನ ಉರಿಯನ್ನು ತಣಿಸಿತು. ಎರಡೂ ಒಂದೇ ಒಲೆಯ ಮೇಲೆ ಬೆಂದವೇನೋ ಎನ್ನುವ ಹಾಗಿತ್ತು. ಎರಡನೆಯ ತುಂಡಿಗೆ ನಾನೇ ಕೈ ಹಾಕಿದೆ.

"ಇದು ಮಾಂಸ ಕೇಳ್ತದೆ ಕಣ್ಲಾ," ಎಂದ ಗೆಳೆಯ, ಪಾಠ ಮುಗಿಸಿದ ಮೇಷ್ಟ್ರ ಗತ್ತಿನಲ್ಲಿ.

ಅವನ ಬಾಟಲಿ ಎರಡು ಭಾನುವಾರಕ್ಕೆ ಖಾಲಿಯಾಯಿತು. ಮೂರನೆಯ ಭಾನುವಾರಕ್ಕೆ ಬಾಟಲಿ ತುಂಬಿಸಿದವನು ನಾನು. ಬೆಳಗ್ಗೆ ಅಪ್ಪ ಬೆಟ್ಟದ ದೇವಸ್ಥಾನಕ್ಕೆ ಹೋಗಿದ್ದಾಗ ಕತ್ತಲ ಕೋಣೆಗೆ ಹೋಗಿ, ಜಾಡಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಸೌಟಿನಲ್ಲಿ ತೆಗೆದು, ಅದೇ ಥರ ಗಂಟು ಹಾಕಿ ಬಂದೆ. "ಅಪ್ಪನೇ ಕೊಟ್ರು, ನಿನ್ನ ಕೆಮ್ಮಿಗೆ" ಎಂದು ಗೆಳೆಯನಿಗೆ ಹೇಳಿದೆ. ಕೆಮ್ಮು ಹೋಗಿ ತಿಂಗಳಾದ ಮೇಲೆ ಅವನೇ ಕೇಳಿದ, ಇನ್ನೂ ಯಾತಕ್ಕೆ ಕೊಡ್ತಾವ್ರೆ ಅಂತ. "ಬಲ ಬರ್ಲಿ ಅಂತ" ಎಂದೆ. ಅವನು ನಂಬಿದ. ಅಪ್ಪನನ್ನು ಅವನು ಅಷ್ಟು ದೊಡ್ಡ ಮನುಷ್ಯರೆಂದು ತಿಳಿದಿದ್ದ.

ಆ ಚಳಿಗಾಲ ನಮ್ಮದು ಒಂದು ಶಾಸ್ತ್ರವೇ ಆಗಿಹೋಯಿತು. ಪ್ರತಿ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಅಂಗಡಿಯ ತಿಂಡಿ, ಬೇರೆ ಬೇರೆ ಜಾಡಿಯ ಅರಿಷ್ಟ. ಟೀ ಅಂಗಡಿಯ ಮಸಾಲೆ ವಡೆಗೆ ಹೊಸ ಜಾಡಿಯದ್ದೇ ಸರಿ, ಹಳೆಯದು ಆ ಎಣ್ಣೆಯ ಮುಂದೆ ಕಹಿಯಾಗಿ ಗಂಟಲು ಹಿಡಿಯುತ್ತದೆ. ತಳ್ಳುಗಾಡಿಯ ಮೆಣಸಿನಕಾಯಿ ಬಜ್ಜಿಗೆ ವರ್ಷದ ಜಾಡಿ. ಪರೋಟಾ, ಅದರ ಮೇಲೆ ಸುರಿಯುವ ಸಾಲ್ನಾ ಸಾರಿಗೆ ಯಾವುದಾದರೂ ನಡೆಯುತ್ತದೆ, ಸಾಲ್ನಾದಲ್ಲಿ ತೆಂಗಿನಕಾಯಿ ಜಾಸ್ತಿಯಾಗಿದ್ದರೆ ಯಾವುದೂ ನಡೆಯುವುದಿಲ್ಲ. ಕೈಮಾ ಉಂಡೆಗೆ ಹಳೆಯದು. ಮುದ್ದೆ, ನಾಟಿಕೋಳಿ ಸಾರಿಗೆ ಏನೂ ಬೇಡ, ಅದು ತನ್ನಷ್ಟಕ್ಕೆ ತಾನೇ ಪೂರ್ತಿ. ಮೆಸ್ಸಿನ ಇಡ್ಲಿ ಸಾಂಬಾರಿನ ಜೊತೆ ಒಮ್ಮೆ ಪ್ರಯತ್ನಿಸಿ ಇಬ್ಬರೂ ಮುಖ ಕಿವಿಚಿದೆವು. ಗೆಳೆಯ ಇದನ್ನೆಲ್ಲ ಎಷ್ಟು ಗಂಭೀರವಾಗಿ ತೂಗಿ ನೋಡುತ್ತಿದ್ದನೆಂದರೆ, ಒಂದು ದಿನ ಹೋಟೆಲಿನ ಯಜಮಾನರಿಗೆ ಚಾಪ್ಸಿನಲ್ಲಿ ಲವಂಗ ಕಡಿಮೆಯಾಗಿದೆ ಎಂದು ಹೇಳಿ ಬೈಸಿಕೊಂಡು ಬಂದ. ನಾನು ಅಷ್ಟು ನಕ್ಕಿದ್ದು ಜೀವನದಲ್ಲಿ ಕಡಿಮೆ. ಸುಖವಾಗಿತ್ತು. ಆ ಸುಖ ಸುಳ್ಳೆಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಅಮ್ಮನಿಗೆ ವಾಸನೆ ಸಿಕ್ಕಿತ್ತು. ಭಾನುವಾರ ಸಂಜೆ ನಾನು ಮನೆಗೆ ಬಂದರೆ ಅಡುಗೆಮನೆಯ ಬಾಗಿಲಲ್ಲೇ ತಡೆದು, "ಬಚ್ಚಲಲ್ಲಿ ನೀರು ಕಾದದೆ, ಮೊದ್ಲು ಸ್ನಾನ ಮಾಡ್ಕೊಂಡ್ ಬಾ" ಎನ್ನುತ್ತಿದ್ದಳು. ಅಷ್ಟೇ. ಏನು ಎತ್ತ ಎಂದು ಕೇಳಲಿಲ್ಲ.

ಜಾಡಿಯಲ್ಲಿ ಮಟ್ಟ ಇಳಿಯುತ್ತಿತ್ತಲ್ಲ, ಅದಕ್ಕೆ ನಾನು ಮಾಡಿದ ಉಪಾಯ ಹೇಳಲು ಇಂದಿಗೂ ಮುಖ ಬಿಸಿಯಾಗುತ್ತದೆ. ಬೆಲ್ಲದ ನೀರು ಕುದಿಸಿ ಆರಿಸಿ, ಬಣ್ಣಕ್ಕೆ ಒಂದಿಷ್ಟು ಕಾಫಿ ಡಿಕಾಕ್ಷನ್ ಬೆರೆಸಿ, ತೆಗೆದಷ್ಟೇ ತುಂಬಿಸುತ್ತಿದ್ದೆ. ಒಂದೇ ಜಾಡಿ ನೀರಾದರೆ ಗೊತ್ತಾದೀತು ಎಂದು ಎಲ್ಲ ಜಾಡಿಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಸೇರಿಸಿದೆ. ಅದರ ಮೇಲೆ ನಾನು ವಿಜ್ಞಾನದ ಮೇಷ್ಟ್ರು. ಹಾಲು ಹೇಗೆ ಮೊಸರಾಗುತ್ತದೆ, ಹಣ್ಣಿನ ರಸ ಹೇಗೆ ಹುಳಿಯುತ್ತದೆ ಎಂದು ಎಂಟನೇ ಕ್ಲಾಸಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದವನು. ಸಾರ ತೆಳುವಾದರೆ, ಗಾಳಿ ಪದೇ ಪದೇ ಆಡಿದರೆ ಏನಾಗುತ್ತದೆ ಎಂದು ಗೊತ್ತಿರಬೇಕಾದವನು ಊರಿನಲ್ಲಿ ಯಾರಾದರೂ ಇದ್ದರೆ ಅದು ನಾನೇ.

ಯುಗಾದಿ ಹತ್ತಿರ ಬಂದಿತ್ತು. ಶಾಲೆಯಿಂದ ಮಧ್ಯಾಹ್ನದ ಊಟಕ್ಕೆ ಬಂದಾಗ ಮುಂದಿನ ಕೋಣೆಯಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಮೊಮ್ಮಗಳು ಹೆತ್ತು ಹತ್ತು ದಿನವಾಗಿದೆ, ಮೇಲೇಳಲು ಆಗುತ್ತಿಲ್ಲ ಎಂದು ಬಂದವಳು. ಅಪ್ಪ ಎರಡು ವರ್ಷದ ಜಾಡಿಯನ್ನು ತೆರೆದು, ಕೊಡುವ ಮುಂಚೆ ಎಂದಿನಂತೆ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದರು. ನೆಕ್ಕಿದವರು ಹಾಗೇ ನಿಂತರು. ಬಾಯಿ ಮುಕ್ಕಳಿಸಿ ಬಂದು ಮತ್ತೊಂದು ಸಲ ನೆಕ್ಕಿದರು. ನಾನು ಬಾಗಿಲಲ್ಲಿ ಸೀಮೆಸುಣ್ಣದ ಕೈಯಲ್ಲಿ ನಿಂತು ನೋಡುತ್ತಿದ್ದೆ.

"ವಾರ ಬಿಟ್ಟು ಬಾಮ್ಮ. ಇವತ್ತು ಸಿದ್ಧ ಇಲ್ಲ," ಎಂದು ಅಜ್ಜಿಗೆ ಲೇಹ್ಯ ಕೊಟ್ಟು ಕಳಿಸಿದರು. ಸಿದ್ಧ ಇಲ್ಲ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ.

ಆಮೇಲೆ ಒಂದೊಂದೇ ಜಾಡಿ ತೆರೆದರು. ಒಂದು ಪೂರಾ ಹುಳಿ. ಒಂದು ನೀರು. ಒಂದರ ಮೇಲೆ ಬಿಳಿ ಕೆನೆ ಕಟ್ಟಿತ್ತು. ಕೋಣೆಯಲ್ಲಿ ಮೂಗಿಗೆ ಹೊಡೆಯುವ ಹುಳಿ ವಾಸನೆ. ಅಪ್ಪ ನನ್ನನ್ನು ಕರೆದರು.

"ನೀನು ಸೈನ್ಸ್ ಓದಿರೋನು. ನೋಡು ಬಾ, ಯಾಕ್ ಹಿಂಗಾಯ್ತು?"

ನಾನು ಬಗ್ಗಿ ನೋಡಿದೆ. ನೋಡುವಂಥದ್ದು ಏನಿತ್ತು ಅಲ್ಲಿ? "ಗಾಳಿ ಆಡಿರ್ಬೇಕು ಅಪ್ಪ," ಎಂದೆ.

"ಗಾಳಿ ಹೆಂಗ್ ಆಡ್ತದೆ? ಬಟ್ಟೆ ಕಟ್ಟಿದ್ದು ನಾನು. ಗಂಟು ನಂದೇ. ನೋಡು, ಹಾಕಿದ್ ಹಂಗೇ ಐತೆ."

ಗಂಟು ಅವರದೇ ಥರ ಇತ್ತು, ನಿಜ. ಅವರು ಗಂಟು ಹಾಕುವುದನ್ನು ಚಿಕ್ಕಂದಿನಿಂದ ಪಕ್ಕದಲ್ಲಿ ಕೂತು ಕಲಿತಿದ್ದೆ. ಹೇಳುವುದಾಗಿದ್ದರೆ ಆ ಕ್ಷಣ ಹೇಳಬೇಕಿತ್ತು. ಎರಡನೇ ಬೆಲ್ ಆಗುವ ಹೊತ್ತಾಯಿತು ಎಂದು ಊಟ ಬಿಟ್ಟು ಶಾಲೆಗೆ ಓಡಿದೆ.

ಸಂಜೆ ಬಂದಾಗ ಅಪ್ಪ ಜಾಡಿಗಳನ್ನೆಲ್ಲ ಹಿತ್ತಲಿನ ನುಗ್ಗೆಮರದ ಬುಡಕ್ಕೆ ಸುರಿದಿದ್ದರು. ಅಷ್ಟಾಗಿ ಕೆಡದಿದ್ದ ಹೊಸ ಜಾಡಿಯನ್ನೂ ಬಿಟ್ಟಿರಲಿಲ್ಲ. ಅಮ್ಮ ಖಾಲಿ ಜಾಡಿಗಳನ್ನು ಬಾವಿಕಟ್ಟೆಯ ಬಳಿ ತೊಳೆಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಆ ಅಜ್ಜಿ ವಾರ ಬಿಟ್ಟು ಬಂದಳು, ಅಪ್ಪ ಅವಳನ್ನು ಇಂಗ್ಲಿಷ್ ಡಾಕ್ಟರ ಹತ್ತಿರ ಕಳಿಸಿದರು. ಮೊಮ್ಮಗಳು ಚೇತರಿಸಿಕೊಂಡಳಂತೆ. ಆ ಸುದ್ದಿ ಬರುವವರೆಗೆ ನಾನು ಪಟ್ಟ ಭಯ ನನಗೆ ಗೊತ್ತು.

ಹತ್ತು ದಿನದ ಮೇಲೆ ಗೆಳೆಯನ ಅಪ್ಪ ಕೆಲಮಂಗಲದಿಂದ ಮನೆಗೆ ಬಂದರು. ಅಪ್ಪನೇ ಹೇಳಿ ಕಳಿಸಿದ್ದರಂತೆ. ಹಣ್ಣಿಗೆ ಹೊಸ ಔಷಧ ಏನಾದರೂ ಹೊಡೆದಿರಾ, ಬಳ್ಳಿ ಬದಲಾಯಿಸಿದಿರಾ ಎಂದು ಅಪ್ಪ ಸಂಕೋಚದಿಂದಲೇ ಕೇಳಿದರು. ರೈತ ಎದ್ದು ನಿಂತರು. ತಂದಿದ್ದ ಗೊಂಚಲಿನಿಂದ ಹಣ್ಣು ಕಿತ್ತು, ಒರೆಸದೆ ತೊಳೆಯದೆ ಅಪ್ಪನ ಎದುರೇ ಬಾಯಿಗೆ ಹಾಕಿಕೊಂಡರು.

"ನಮ್ ತೋಟದ್ ಹಣ್ಣು ಯಾವತ್ತಾರ ನಿಮ್ಗೆ ಮೋಸ ಮಾಡೈತಾ ಪಂಡಿತ್ರೇ? ನಿಮ್ ಮನೆಗ್ ಕಳ್ಸೋ ಸಾಲಿಗೆ ನಾನು ಎಂಡ್ರಿನ್ ಮುಟ್ಟಿಸಿಲ್ಲ. ನನ್ ಮಕ್ಳ ಮ್ಯಾಲೆ ಆಣೆ."

ಅಪ್ಪ ಅವರ ಎರಡೂ ಕೈ ಹಿಡಿದುಕೊಂಡು, ತಪ್ಪಾಯಿತು, ಕೇಳಬಾರದಾಗಿತ್ತು ಎಂದರು. ರೈತ ಕಾಫಿ ಕುಡಿಯದೆ ಹೋದರು.

ಮರುದಿನ ಗೆಳೆಯ ಶಾಲೆಯ ನೀರಿನ ಟ್ಯಾಂಕಿನ ಹಿಂದೆ ನನ್ನನ್ನು ನಿಲ್ಲಿಸಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ.

"ನಿಮ್ಮಪ್ಪ ಕೊಟ್ಟದ್ದು ಅಂದಿದ್ದೆ."

ನಾನು ಸೋರುತ್ತಿದ್ದ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡಿದೆ.

"ನಮ್ಮಪ್ಪ ಆಣೆ ಮಾಡ್ಬುಟ್ಟು ಬಂದವ್ರೆ. ರಾತ್ರಿ ಊಟ ಮಾಡ್ನಿಲ್ಲ. ನಾನೂ ಕುಡ್ದಿದ್ದೀನಿ, ನಾನೇನು ಸಾಚಾ ಅಲ್ಲ. ಆದ್ರೆ ಇದು ನೀನೇ ಹೇಳ್ಬೇಕಾದ್ದು. ಹೋಗಿ ಹೇಳ್ಲಾ."

"ಹೇಳ್ತೀನಿ," ಎಂದೆ.

ಹೇಳುವ ಮನಸ್ಸು ಮಾಡಿಯೇ ಆ ಸಂಜೆ ಮನೆಗೆ ಹೋದೆ. ಆದರೆ ಅಪ್ಪನೇ ನನ್ನನ್ನು ಕತ್ತಲ ಕೋಣೆಗೆ ಕರೆದು, ಎದುರಿಗೆ ಕೂರಿಸಿಕೊಂಡು, ತಾವೇ ಹೇಳಲು ಶುರು ಮಾಡಿದರು.

"ಯಾಕ್ ಕೆಟ್ಟೋಯ್ತು ಅಂತ ಗೊತ್ತಾಯ್ತು ಕಣೋ. ತೋಟದ ಆ ದೊಡ್ಡ ಮನುಷ್ಯನ್ನ ಸುಮ್ನೆ ನೋಯಿಸ್ಬುಟ್ಟೆ."

ಸಿಕ್ಕಿಬಿದ್ದೆ ಎಂದುಕೊಂಡೆ. ಅವರು ಹೇಳಿದ್ದು ಬೇರೆಯೇ. ಹಿಂದಿನ ವರ್ಷ ಕೃಷ್ಣಗಿರಿಯಲ್ಲಿದ್ದ ನನ್ನ ಸೋದರತ್ತೆ ತೀರಿಕೊಂಡಿದ್ದರು. ಆ ಸುದ್ದಿಯ ಟೆಲಿಗ್ರಾಮು ಬಂದದ್ದು ಅಪ್ಪ ಮಡಕೆಗಳಿಗೆ ಮಣ್ಣು ಮೆತ್ತಲು ಕೂತಿದ್ದ ಬೆಳಗ್ಗೆ. ಅತ್ತೆಗೆ ಹುಷಾರಿಲ್ಲದ್ದು ಗೊತ್ತಿತ್ತು, ಟೆಲಿಗ್ರಾಮಿನಲ್ಲಿ ಏನಿರುತ್ತದೆ ಎಂದೂ ಗೊತ್ತಿತ್ತು. ಒಡೆದು ಓದಿದರೆ ಆಗಲೇ ತಲೆಗೆ ನೀರು ಹಾಕಿಕೊಳ್ಳಬೇಕು, ಮೂರು ದಿನ ಸೂತಕ, ಮಡಕೆ ಮುಟ್ಟುವಂತಿಲ್ಲ. ಅಷ್ಟೂ ಕಷಾಯ ಹಾಳಾಗುತ್ತದೆ. ಅದಕ್ಕೆ ಅಪ್ಪ ಟೆಲಿಗ್ರಾಮನ್ನು ಒಡೆಯದೆ ತಕ್ಕಡಿಯ ಕೆಳಗಿಟ್ಟು, ಮಧ್ಯಾಹ್ನದವರೆಗೆ ಮಣ್ಣು ಮೆತ್ತಿ ಮುಗಿಸಿ, ಆಮೇಲೆ ಓದಿ, ಆಮೇಲೆ ಸ್ನಾನ ಮಾಡಿ, ಆಮೇಲೆ ಅಮ್ಮನಿಗೆ ಹೇಳಿದ್ದರು.

"ಅಕ್ಕ ಸತ್ತವಳೆ ಅಂತ ಗೊತ್ತಿದ್ದೂ ನಾಲ್ಕ್ ಗಂಟೆ ಕಾಲ ಗೊತ್ತಿಲ್ದೋನ ಥರ ಕೂತಿದ್ದೆ. ಎತ್ತಿ ಆಡಿಸಿದ್ ಅಕ್ಕ. ಆಮೇಲೆ ಎಲ್ಲಾ ಜಾಡೀನೂ ಅದೇ ಕೈಯಲ್ಲಿ ಮುಟ್ಟಿದೀನಿ. ಕೈ ಹೋಯ್ತು ಕಣೋ. ಇನ್ನು ಬರಲ್ಲ."

ಹೀಗೆ ಹೇಳುವಾಗ ಅವರು ಅಂಗೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡಿದ್ದರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಅವರ ಮುಂದೆ ಕೂತಿದ್ದೆ, ನನ್ನ ಬಾಯಲ್ಲಿ ಅವರನ್ನು ಬಿಡಿಸುವ ಮಾತು ಇತ್ತು, ಆಡಲಿಲ್ಲ. ನಾಚಿಕೆ, ಹೇಡಿತನ, ಏನು ಬೇಕಾದರೂ ಕರೆಯಿರಿ. "ಇರ್ಲಿ ಬಿಡಿ ಅಪ್ಪ" ಎಂದೆ. ನಾನು ಕೊಟ್ಟ ಸಮಾಧಾನ ಅಷ್ಟೇ.

ಅಪ್ಪ ಮತ್ತೆ ಅರಿಷ್ಟ ಮಾಡಲಿಲ್ಲ. ನನಗೆ ಕಲಿಸಲೂ ಇಲ್ಲ. ಕೆಟ್ಟ ಕೈಯಿಂದ ಕಲಿತರೆ ಕೆಟ್ಟದ್ದೇ ಬರುತ್ತದೆ ಎಂದರು. ಮೊದಮೊದಲು ಚೂರ್ಣ ಲೇಹ್ಯ ನಡೆಯುತ್ತಿತ್ತು, ಆಮೇಲೆ ಅದೂ ನಿಂತಿತು. ನಾಡಿ ಹಿಡಿಯಲು ಹೋಗಿ ಅರ್ಧದಲ್ಲಿ ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನು ನಾನೇ ನೋಡಿದ್ದೇನೆ. ಬಂದವರಿಗೆ ಡಾಕ್ಟರ ಹತ್ತಿರ ಹೋಗಿ ಎನ್ನುತ್ತಿದ್ದರು. ಬಸ್ಸಿಳಿದು ಬರುವವರು ಕಡಿಮೆಯಾದರು. ಇನ್ನೂ ಅರವತ್ತು ತುಂಬದ ಮನುಷ್ಯ ಜಗುಲಿಯ ಮೇಲೆ ಪೇಪರು ಹಿಡಿದು ಕೂರುವಂತಾದರು. ಗೆಳೆಯ ಒಂದು ತಿಂಗಳು ಕಾದ. ನಾನು ಹೇಳಲಿಲ್ಲವೆಂದು ಗೊತ್ತಾದ ಮೇಲೆ ಮಾತು ಕಡಿಮೆ ಮಾಡಿದ, ಆ ವರ್ಷವೇ ಅಂಚೆಟ್ಟಿಯಾಚೆ ನಾಟ್ರಾಂಪಾಳ್ಯದ ಕಡೆಗೆ ವರ್ಗ ಕೇಳಿಕೊಂಡು ಹೋಗಿಬಿಟ್ಟ. ತನ್ನ ಮದುವೆಗೂ ನನ್ನನ್ನು ಕರೆಯಲಿಲ್ಲ.

ಎಂಬತ್ತರ ದಶಕದ ನಡುವಿನ ಹೊತ್ತಿಗೆ ಹೊಸೂರಿಗೆ ಫ್ಯಾಕ್ಟರಿಗಳು ಬಂದವು, ನಿಷೇಧ ಹೋಗಿ ಕುಡಿತದ ಅಂಗಡಿಗಳು ಬಂದವು. ಮಿಲಿಟರಿ ಹೋಟೆಲಿಗೆ ಫ್ಯಾಮಿಲಿ ರೂಮು ಬಂತು. ನನ್ನ ಜೊತೆಯ ಮೇಷ್ಟ್ರುಗಳು ಹೆದರಿಕೆಯಿಲ್ಲದೆ ತಿಂದು ಕುಡಿದು ಮಾಡುತ್ತಿದ್ದರು. ನನಗೆ ಎರಡೂ ಬೇಡವಾಗಿತ್ತು. ಅಪ್ಪನಿಗೆ ಹೃದಯದ ತೊಂದರೆ ಶುರುವಾದ ವರ್ಷ, ಇನ್ನು ತಡೆಯಲಾರೆ ಎನಿಸಿ ಒಂದು ಭಾನುವಾರ ಬೆಳಗ್ಗೆ ಜಗುಲಿಯ ಮೇಲೆ ಅವರ ಕಾಲ ಬಳಿ ಕೂತು ಹೇಳಿಬಿಟ್ಟೆ.

"ಅಪ್ಪ, ಆ ಅರಿಷ್ಟ ನಿಮ್ಮ ಕೈಯಿಂದ ಕೆಡಲಿಲ್ಲ. ನಾನು ಕದ್ದು ಕುಡೀತಿದ್ದೆ. ಬೆಲ್ಲದ ನೀರು ತುಂಬಿಸ್ತಿದ್ದೆ. ಅದಕ್ಕೇ ಹುಳಿ ಬಂತು."

ಅಪ್ಪ ಪೇಪರು ಮಡಚಿದರು. ನನ್ನ ಮುಖ ನೋಡಿದರು.

"ಎಷ್ಟ್ ಕುಡೀತಿದ್ದೆ?"

"ಒಂದೊಂದ್ ಸಲಕ್ಕೆ ಅರ್ಧ ಬಾಟ್ಲಿ."

"ಯಾವ ಜಾಡಿದು?"

"ಎರಡು ವರ್ಷದ್ದೇ ಹೆಚ್ಚು."

ಅಪ್ಪನ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದಿದ್ದ ಹುರುಪು ಕಂಡಿತು. ರೋಗಿಯ ಬಾಯಿಂದ ನಿಜ ತೆಗೆಸುವಾಗ ಇರುತ್ತಿದ್ದ ಹುರುಪು. "ಬರೀ ಬಾಯಲ್ಲಿ ಅರ್ಧ ಬಾಟ್ಲಿ! ಮೂರನೇ ಗುಟುಕಿಗೆ ಗಂಟ್ಲು ಕಟ್ತದೆ ಅದು. ಏನ್ ನಂಜ್ಕೊತಿದ್ದೆ ಹೇಳು."

ಚಾಪ್ಸು ಎನ್ನಬೇಕಿತ್ತು. ಒಂದೇ ಮಾತು. ಅಪ್ಪನ ಹಣೆಯ ಮೇಲೆ ಆಗತಾನೇ ಇಟ್ಟ ಗಂಧ ಇನ್ನೂ ಒದ್ದೆಯಾಗಿತ್ತು.

"ಮಸಾಲೆ ವಡೆ," ಎಂದೆ.

ಅಪ್ಪ ನಕ್ಕರು. ಎದೆ ಹಿಡಿದುಕೊಂಡು ನಕ್ಕರು. "ಎರಡು ವರ್ಷದ್ದನ್ನ ವಡೆ ಜೊತೆಗಾ? ಆ ಎಣ್ಣೆಗೆ ಅದು ಕಹಿಯಾಗ್ತದೆ ಕಣೋ, ಗಂಟಲಲ್ಲಿ ಇಳಿಯಲ್ಲ. ಸುಳ್ಳು ಹೇಳೋಕೂ ಬರಲ್ಲ ನಿಂಗೆ." ಆಮೇಲೆ ನಗು ನಿಲ್ಲಿಸಿ ನನ್ನ ತಲೆಯ ಮೇಲೆ ಕೈಯಿಟ್ಟರು. "ನನ್ನ ಸಂಕಟ ನೋಡಕ್ಕಾಗ್ದೆ ನಿನ್ ಮೇಲೆ ಹಾಕ್ಕೊತಾ ಇದೀಯ. ನಂಗೆ ಗೊತ್ತಾಗಲ್ವಾ? ಬಿಡು. ನೀನು ಇಷ್ಟು ಹೇಳಿದ್ಯಲ್ಲ, ನಂಗೆ ಅಷ್ಟೇ ಸಾಕು."

ಒಳಗೆ ಹೋದಾಗ ಅಮ್ಮ ಅಕ್ಕಿ ಆರಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಮಾಂಸದ್ ವಿಷ್ಯ ಹೇಳ್ದಾ?"

"ಇಲ್ಲ."

"ಅದ್ ಹೇಳ್ದೆ ಹೆಂಗ್ ನಂಬ್ತಾರೆ ಅವ್ರು?" ಎಂದು ಮೊರವನ್ನು ಒಮ್ಮೆ ಕುಟ್ಟಿದಳು. ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಎಸೆದು, "ಈಗ ಹೇಳ್ಬೇಡ. ಇಷ್ಟ್ ದಿನದ್ ಮೇಲೆ ನಗ್ತಾವ್ರೆ" ಎಂದಳು.

ಅಮ್ಮನ ಮಾತನ್ನು ಆಸರೆಯಾಗಿ ಹಿಡಿದುಕೊಂಡೆ. ಹೇಳಲಿಲ್ಲ. ಅಪ್ಪ ಇನ್ನೂ ಎರಡು ವರ್ಷ ಬದುಕಿದ್ದರು. ಮನೆಗೆ ಯಾರು ಬಂದರೂ, ಹಳೆಯ ರೋಗಿಗಳಿರಲಿ ನೆಂಟರಿರಲಿ, ಈ ಕಥೆ ಹೇಳದೆ ಕಳಿಸುತ್ತಿರಲಿಲ್ಲ. ಒಂದು ಸಲ ಬಂದವರು ಕೆಲಮಂಗಲದ ಅದೇ ರೈತ, ಗೆಳೆಯನ ಅಪ್ಪ. ನಾನು ಕಾಫಿ ತಂದು ಇಟ್ಟೆ. "ನೋಡಿ ಗೌಡ್ರೇ," ಎಂದರು ಅಪ್ಪ ನನ್ನ ಕೈ ಹಿಡಿದು ನಿಲ್ಲಿಸಿ, "ನನ್ನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ಳಕ್ಕೆ ಬಂದಿದ್ದ ಇವ್ನು. ಇಂಥಾ ಮಗ ಯಾರಿಗ್ ಸಿಗ್ತಾನೆ ಹೇಳಿ."

ನಾನು ತಲೆ ತಗ್ಗಿಸಿದೆ. ಗೌಡರು ನನ್ನ ಬೆನ್ನು ತಟ್ಟಿ, "ಎಷ್ಟ್ ವಿನಯ ನೋಡಿ ಪಂಡಿತ್ರೇ" ಎಂದರು.